ಕಾರಿನ ಅಡಿಯಿಂದ ಲಡಲಡ ಸದ್ದು: ಎಲ್ಲಿಂದ ಅಂತ ಹುಡುಕುವ ಮೊದಲು ಯಾವಾಗ ಅಂತ ನೋಡಿ

ಕಾರಿನ ಕೆಳಗಿಂದ ಏನೋ ಸದ್ದು. ಮಿಕ್ಸಿ ಪಕ್ಕ ಇಟ್ಟ ಸ್ಟೀಲ್ ತಟ್ಟೆ ನಡುಗಿದ ಹಾಗೆ. ಒಂದು ದಿನ ಬರುತ್ತದೆ, ಇನ್ನೊಂದು ದಿನ ಇಲ್ಲ. ಗ್ಯಾರೇಜಿಗೆ ತಗೊಂಡು ಹೋದ ದಿನವಂತೂ ಸುಳಿವೇ ಇರುವುದಿಲ್ಲ. ಬೆಂಗಳೂರಿನ ಹಂಪು, ಗುಂಡಿಗಳ ಮೇಲೆ ಕೆಲವು ವರ್ಷ ಓಡಿದ ಕಾರಿಗೆ ಇದು ಇವತ್ತಲ್ಲ ನಾಳೆ ಬರುವಂಥದ್ದೇ.

ನಮ್ಮ ಕಾರಿಗೆ ಏಳನೇ ವರ್ಷದಲ್ಲಿ ಬಂತು. ಒಂದು ಗ್ಯಾರೇಜಿಗೆ ಬಿಟ್ಟೆ. "ಸಾರ್, ಸಸ್ಪೆನ್ಷನ್ ಹೋಗಿದೆ" ಅಂದರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಎರಡೂ ಲಿಂಕ್ ರಾಡ್ ಹೊಸದಾಗಿ ಹಾಕಿದರು. ಬಿಲ್ ಕಟ್ಟಿ ಕತ್ರಿಗುಪ್ಪೆ ಸಿಗ್ನಲ್‌ಗೆ ಬಂದು ನಿಂತೆ. ಅದೇ ಸದ್ದು! ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. "ಗಾಡಿ ನಿಂತಾಗ್ಲೇ ಬರ್ತಿದೆಯಲ್ಲೋ, ಓಡೋವಾಗ ಇಲ್ವೇ ಇಲ್ಲ" ಅಂದರು. ಕಾರು ಓಡಿಸಲು ಬಾರದ ಅಮ್ಮ ಹೇಳಿದ ಆ ಒಂದು ಮಾತಿನಲ್ಲಿ ಉತ್ತರ ಇತ್ತು. ಚಕ್ರವೇ ತಿರುಗದೆ ನಿಂತ ಕಾರಿನಲ್ಲಿ ಶಾಕ್ ಅಬ್ಸಾರ್ಬರ್ ಯಾಕೆ ಸದ್ದು ಮಾಡುತ್ತದೆ? ನಿಂತಾಗ ನಡುಗುವುದು ಎಂಜಿನ್, ಅದಕ್ಕೆ ಸೇರಿಕೊಂಡ ಸೈಲೆನ್ಸರ್ ಪೈಪು. ಅಲ್ಲೇ ಸಿಕ್ಕಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅವತ್ತಿನಿಂದ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ: ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದರಲ್ಲಿ ಕಿವಿ ಮೋಸ ಹೋಗುತ್ತದೆ. ಕಾರಿನ ಅಡಿಯೆಲ್ಲ ತಗಡು, ಸದ್ದು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕೇಳಿಸುತ್ತದೆ. ಯಾವಾಗ ಬರುತ್ತಿದೆ ಅನ್ನುವುದರಲ್ಲಿ ಮೋಸ ಹೋಗುವುದು ಕಷ್ಟ.

ಮೊದಲ ಹೆಜ್ಜೆ: ಡಿಕ್ಕಿ ಖಾಲಿ ಮಾಡಿ, ವೀಲ್ ನಟ್ ನೋಡಿ

ಕೆಳಗೆ ಬಗ್ಗುವ ಮೊದಲು ಒಳಗಿನದ್ದೆಲ್ಲ ತೆಗೆಯಿರಿ. ಜಾಕಿ, ಅದರ ಹ್ಯಾಂಡಲ್, ವೀಲ್ ಸ್ಪ್ಯಾನರ್ ಇವು ತಮ್ಮ ಜಾಗದಲ್ಲಿ ಬಿಗಿಯಾಗಿ ಕೂರದಿದ್ದರೆ ಹಿಂದಿನ ಸಸ್ಪೆನ್ಷನ್ನೇ ಮುರಿದಿದೆ ಅನ್ನುವಷ್ಟು ಸದ್ದು ಮಾಡುತ್ತವೆ. ಸ್ಟೆಪ್ನಿಯನ್ನು ಹಿಡಿದಿಡುವ ಬೋಲ್ಟ್ ತಿರುಗಿಸಿ ನೋಡಿ. ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಹಿಂದಿನ ಸೀಟ್‌ಬೆಲ್ಟಿನ ಕೊಂಡಿ, ಡಿಕ್ಕಿ ಬಾಗಿಲಿನ ನಂಬರ್ ಪ್ಲೇಟು, ಎಲ್ಲಾ ಕೈಯಲ್ಲಿ ಅಲ್ಲಾಡಿಸಿ. ಹತ್ತು ನಿಮಿಷದ ಕೆಲಸ.

ಆಮೇಲೆ ನಾಲ್ಕೂ ಚಕ್ರದ ನಟ್‌ಗಳನ್ನು ಸ್ಪ್ಯಾನರ್ ಹಾಕಿ ಪರೀಕ್ಷಿಸಿ. ಈಚೆಗೆ ಪಂಚರ್ ಹಾಕಿಸಿದ್ದರೆ, ಅಲೈನ್‌ಮೆಂಟ್ ಮಾಡಿಸಿದ್ದರೆ ಇದು ಬಹಳ ಮುಖ್ಯ. ನಟ್ ಸಡಿಲವಿದ್ದರೆ ನಿಧಾನವಾಗಿ ಹೋಗುವಾಗ ಟಕ್ ಟಕ್ ಅನ್ನುತ್ತದೆ, ಸ್ಟೀರಿಂಗ್ ನಡುಗುತ್ತದೆ. ಇದೊಂದಕ್ಕೆ ಮಾತ್ರ ನಾಳೆ ಅನ್ನಬೇಡಿ. ಬಿಗಿ ಮಾಡದೆ ಒಂದು ಮಾರೂ ಗಾಡಿ ಓಡಿಸಬೇಡಿ. ಬಿಗಿ ಮಾಡಿದ ಮೇಲೂ 50 ರಿಂದ 100 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ.

ಎರಡನೇ ಹೆಜ್ಜೆ: ಯಾವಾಗ ಬರುತ್ತದೆ ಅಂತ ಬರೆದುಕೊಳ್ಳಿ

ಭಾನುವಾರ ಬೆಳಗ್ಗೆ ಆರು ಗಂಟೆ ಇದಕ್ಕೆ ಸರಿಯಾದ ಹೊತ್ತು. ಏಸಿ, ರೇಡಿಯೋ ಎರಡೂ ಬೇಡ. ಕಿಟಕಿ ಇಳಿಸಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಹಿಂದೆ ಕೂತು ಕೇಳಲಿ. ಅರ್ಧ ದಾರಿಯಲ್ಲಿ ಅವರು ಎಡದಿಂದ ಬಲಕ್ಕೆ ಜಾಗ ಬದಲಿಸಲಿ. ಫೋನಿನ ರೆಕಾರ್ಡರ್ ಆನ್ ಮಾಡಿ ಅವರ ಕೈಗೇ ಕೊಟ್ಟುಬಿಡಿ. ಸದ್ದು ಬಂದಾಗೆಲ್ಲ "ಈಗ ಹಂಪು", "ಈಗ ಬ್ರೇಕು", "ಈಗ ನಿಂತಿದೀವಿ" ಅಂತ ಹೇಳುತ್ತಾ ಹೋಗಲಿ. ಮನೆಗೆ ಬಂದು ಕೇಳಿದಾಗ ಓಡಿಸುವಾಗ ಗಮನಕ್ಕೆ ಬಾರದ್ದೆಲ್ಲ ಹೊರಗೆ ಬರುತ್ತದೆ.

ಹೊರಡುವ ಮೊದಲೇ ಒಂದು ಪರೀಕ್ಷೆ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಸೈಲೆನ್ಸರ್ ಹೊಗೆ ಜೀವ ತೆಗೆಯುತ್ತದೆ. ಈಗ ಆಕ್ಸಿಲರೇಟರ್ ಅನ್ನು ಮೆಲ್ಲಗೆ ಒತ್ತುತ್ತಾ ಎಂಜಿನ್ನನ್ನು 1000 ಆರ್‌ಪಿಎಂನಿಂದ 3000ದವರೆಗೆ ತನ್ನಿ. ಎಲ್ಲಾದರೂ ಒಂದು ಕಡೆ, 1800 ಆಗಲಿ 2200 ಆಗಲಿ, ಝರ್ರ್ ಅಂತ ಶುರುವಾಗಿ ದಾಟಿದ ಮೇಲೆ ನಿಂತುಹೋಗುತ್ತದಾ? ಹಾಗಿದ್ದರೆ ಸಸ್ಪೆನ್ಷನ್ ಕಡೆ ತಿರುಗಿಯೂ ನೋಡಬೇಡಿ. ಅದು ಹೀಟ್ ಶೀಲ್ಡ್ (ಸೈಲೆನ್ಸರ್ ಶಾಖ ತಡೆಯುವ ತಗಡು), ಸೈಲೆನ್ಸರ್ ಅಥವಾ ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಹಿಡಿದಿರುವ ರಬ್ಬರ್ ಆಸರೆ). ಎಂಜಿನ್ ಶುರು ಮಾಡುವಾಗ, ಆಫ್ ಮಾಡುವಾಗ ದಡ್ ಅಂತ ಗಾಡಿಯೆಲ್ಲ ಒದ್ದಾಡಿದರೆ ಮೌಂಟಿಂಗ್ ಮೇಲೆ ಅನುಮಾನ ಇಡಿ.

ಇನ್ನು ರಸ್ತೆಗೆ ಇಳಿಯೋಣ. ಉದ್ದ ಕಾಂಪೌಂಡ್ ಗೋಡೆ ಇರುವ ಖಾಲಿ ರಸ್ತೆ ಹುಡುಕಿ. ಗೋಡೆ ಪಕ್ಕದಲ್ಲೇ 15–20 ಕಿ.ಮೀ. ವೇಗದಲ್ಲಿ ಹೋಗಿ, ತಿರುಗಿಸಿಕೊಂಡು ಬಂದು ಇನ್ನೊಂದು ಬದಿ ಗೋಡೆಗೆ ಕೊಡಿ. ಸದ್ದು ಯಾವ ಕಡೆಯದೋ ಆ ಕಡೆ ಗೋಡೆ ಇದ್ದಾಗ ಜೋರಾಗಿ ವಾಪಸ್ ಕೇಳಿಸುತ್ತದೆ. ಎಡವೋ ಬಲವೋ ಅನ್ನುವುದು ಇಷ್ಟರಲ್ಲೇ ತೀರ್ಮಾನ ಆಗುತ್ತದೆ.

ಚಕ್ರದ ಜೊತೆ ತಾಳ ಹಾಕುವ ಸದ್ದಾ ಅಂತ ಗಮನಿಸಿ. ಸಾಮಾನ್ಯ ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಅಂದರೆ 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 3 ಸುತ್ತು ಸುತ್ತುತ್ತದೆ. ಸದ್ದೂ ಅದೇ ಲೆಕ್ಕದಲ್ಲಿ ಬಂದರೆ ಟೈರಿನ ಸಂದಿಯಲ್ಲಿ ಸಿಕ್ಕ ಕಲ್ಲು, ವೀಲ್ ಕ್ಯಾಪು, ಇಲ್ಲವೇ ಚಕ್ರಕ್ಕೆ ತಾಗುವ ಯಾವುದೋ ತಗಡು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಕಟ ಕಟ ಅಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್ ಸವೆದಿದೆ. ಬೇಸ್‌ಮೆಂಟ್ ರ‍್ಯಾಂಪಿನ ತಿರುವಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಓಡುವ ಕಾರಿನ ಎಂಜಿನ್ ಆಫ್ ಮಾಡಿ ಸದ್ದು ಕೇಳುವ ಅಭ್ಯಾಸ ಕೆಲವರಿಗೆ ಇದೆ. ದಯವಿಟ್ಟು ಬೇಡ. ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಖಾಲಿ ರಸ್ತೆಯಲ್ಲಿ ಎರಡು ಸೆಕೆಂಡು ಕ್ಲಚ್ ತುಳಿದರೆ ಸಾಕು. ಕ್ಲಚ್ ತುಳಿದ ಕೂಡಲೇ ಸದ್ದು ನಿಂತರೆ ಎಂಜಿನ್ ಕಡೆಯದು, ಮುಂದುವರಿದರೆ ಚಕ್ರದ ಕಡೆಯದು.

ಕಡೆಗೆ ಹಂಪು. ನಮ್ಮ ಊರಿನಲ್ಲಿ ಅದಕ್ಕೆ ಬರ ಇಲ್ಲ. ಒಂದೇ ಹಂಪನ್ನು ಎರಡು ಥರ ದಾಟಿ. ಒಮ್ಮೆ ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುವ ಹಾಗೆ. ಇನ್ನೊಮ್ಮೆ ಓರೆಯಾಗಿ, ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ. ಓರೆಯಾಗಿ ಹೋದಾಗ ಮಾತ್ರ ಕಟಕಟ ಅಂದರೆ ಬಹುತೇಕ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬಾರ್‌ನ ಬುಷ್ (ಎಡ, ಬಲ ಸಸ್ಪೆನ್ಷನ್ ಸೇರಿಸುವ ಕಂಬಿ ಆ ಬಾರ್, ಅದರ ತುದಿಯ ಕೊಂಡಿ ಲಿಂಕ್ ರಾಡ್, ಅದನ್ನು ಹಿಡಿಯುವ ರಬ್ಬರ್ ಬುಷ್). ಆ ಬಾರ್‌ಗೆ ಕೆಲಸ ಬೀಳುವುದೇ ಎರಡು ಚಕ್ರ ಬೇರೆ ಬೇರೆ ಎತ್ತರದಲ್ಲಿದ್ದಾಗ. ನೇರವಾಗಿ ಹೋದರೂ ದಡ್ ಅಂದರೆ ಶಾಕ್ ಅಬ್ಸಾರ್ಬರ್, ಅದರ ಮೇಲಿನ ಮೌಂಟ್, ಚಕ್ರವನ್ನು ಕೆಳಗಿಂದ ಹಿಡಿದಿರುವ ಲೋವರ್ ಆರ್ಮ್ ಬುಷ್ ಕಡೆ ನೋಡಬೇಕು. ಸಣ್ಣ ಸಣ್ಣ ಕುಲುಕಾಟಕ್ಕೆ ಚರ್ಚ್ ಸ್ಟ್ರೀಟಿನ ಕಲ್ಲು ಹಾಸಿಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಜನ ಬರುವ ಮೊದಲೇ ಹೋಗಿ ನಿಧಾನಕ್ಕೆ ಒಂದು ಸುತ್ತು ಬನ್ನಿ. ಅಲ್ಲಿ ಗಲಗಲ ಅನ್ನುವಾಗ ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟು ನೋಡಿ, ಗಾಡಿ ನಿಲ್ಲುವಷ್ಟು ಬೇಡ. ಸದ್ದು ತಟ್ಟನೆ ನಿಂತರೆ ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಅಲ್ಲಾಡುತ್ತಿದೆ ಅಂತ ಅರ್ಥ.

ಕೆಳಗೆ ಹೋಗುವ ಮೊದಲು ಒಂದು ಮಾತು

ಕಾರಿನ ಜೊತೆ ಬಂದ ಜಾಕಿ ಇರುವುದು ಸ್ಟೆಪ್ನಿ ಬದಲಾಯಿಸುವುದಕ್ಕೆ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯೇನು, ಕೈ ಕೂಡ ಹಾಕಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದೂ ಬೇಡ. ಭಾರಕ್ಕೆ ಅವು ಒಂದೇ ಸಲ ಪುಡಿಯಾಗುತ್ತವೆ, ಮೊದಲೇ ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ. ಮನೆಯಲ್ಲೇ ಮಾಡಬೇಕು ಅಂದರೆ ಗಟ್ಟಿ ಕಾಂಕ್ರೀಟ್ ನೆಲ, ಎರಡು ಕಬ್ಬಿಣದ ಜಾಕ್ ಸ್ಟ್ಯಾಂಡ್, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು, ಇಷ್ಟೂ ಇರಲೇಬೇಕು.

ನನ್ನ ಸಲಹೆ ಕೇಳಿದರೆ ಪಿಟ್ (ಕಾರಿನ ಕೆಳಗೆ ಇಳಿದು ನಿಲ್ಲುವ ಗುಂಡಿ) ಇರುವ ಜಾಗಕ್ಕೇ ಹೋಗಿ. ವೀಲ್ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಪಿಟ್ ಅಥವಾ ರ‍್ಯಾಂಪ್ ಇರುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗಲೇ "ಅಣ್ಣಾ, ಐದು ನಿಮಿಷ ಕೆಳಗೆ ಇಳಿದು ನೋಡ್ಲಾ?" ಅಂತ ಕೇಳಿ. ನನಗೆ ಇದುವರೆಗೆ ಯಾರೂ ಇಲ್ಲ ಅಂದಿಲ್ಲ. ಪಿಟ್ ಮೇಲೆ ಇನ್ನೊಂದು ಅನುಕೂಲ ಇದೆ. ಕಾರು ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ, ಸಸ್ಪೆನ್ಷನ್ ಮೇಲೆ ರಸ್ತೆಯಲ್ಲಿ ಬೀಳುವಷ್ಟೇ ಭಾರ ಇರುತ್ತದೆ.

ಎಂಜಿನ್ ಆಫ್ ಮಾಡಿ ಒಂದೆರಡು ಗಂಟೆ ಆಗಿರಲಿ. ಸೈಲೆನ್ಸರ್ ಪೈಪಿನ ಮುಂಭಾಗ ನೂರಾರು ಡಿಗ್ರಿ ಕಾದಿರುತ್ತದೆ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ. ಮೇಲಿಂದ ಉದುರುವ ತುಕ್ಕು, ಒಣಗಿದ ಕೆಸರು ನೇರ ಕಣ್ಣಿಗೇ ಬೀಳುತ್ತವೆ. ಬ್ಯಾಟರಿ ಕಾರಾದರೆ ಕೆಳಗೆ ಕಾಣುವ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ಅದರಲ್ಲಿ ಹೈ ವೋಲ್ಟೇಜ್ ಇರುತ್ತದೆ.

ಮೂರನೇ ಹೆಜ್ಜೆ: ಹೀಟ್ ಶೀಲ್ಡ್

ನಿಂತಾಗ ಝರ್ರ್ ಅನ್ನುವ ಕಾರುಗಳಲ್ಲಿ ನಾನು ಮೊದಲು ಕೈ ಹಾಕುವುದು ಇದಕ್ಕೆ. ಸೈಲೆನ್ಸರ್ ಪೈಪಿನ ಶಾಖ ಕಾರಿನ ನೆಲಕ್ಕೆ, ಪೆಟ್ರೋಲ್ ಪೈಪಿಗೆ, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ತಗಲದಿರಲಿ ಅಂತ ಮಧ್ಯೆ ತೆಳ್ಳನೆಯ ತಗಡು ಹಾಕಿರುತ್ತಾರೆ. ಅದನ್ನು ಹಿಡಿದಿರುವುದು ನಾಲ್ಕಾರು ಸಣ್ಣ ಬೋಲ್ಟು. ಮಳೆಗಾಲದ ನೀರು, ಕೆಸರು, ಮತ್ತೆ ಬಿಸಿ, ಮತ್ತೆ ನೀರು. ಬೋಲ್ಟಿನ ಸುತ್ತ ತಗಡು ಸವೆಯುತ್ತಾ ತೂತು ದೊಡ್ಡದಾಗುತ್ತದೆ.

ನನ್ನ ಕಾರಿನಲ್ಲಿ ಪಿಟ್‌ಗೆ ಇಳಿದು ಟಾರ್ಚ್ ಬಿಟ್ಟು ನೋಡಿದಾಗ ಮೊದಲು ಏನೂ ಕಾಣಲಿಲ್ಲ. ಎಲ್ಲಾ ಬೋಲ್ಟೂ ಇದ್ದವು. ಬಿಗಿಯಾಗಿಯೇ ಇದ್ದವು. ಮುಷ್ಟಿಯಲ್ಲಿ ತಗಡಿಗೆ ಮೆಲ್ಲಗೆ ಗುದ್ದಿದೆ. ಝಲ್ ಅಂತು. ಅದೇ ಸದ್ದು! ಆಗ ಹತ್ತಿರದಿಂದ ನೋಡಿದೆ. ಬಲಗಡೆಯ ಹಿಂದಿನ ಬೋಲ್ಟಿನ ತಲೆ ಗಟ್ಟಿಯಾಗಿ ಕೂತಿದೆ, ಆದರೆ ಅದರ ಸುತ್ತ ತಗಡೇ ಇಲ್ಲ. ಬೋಲ್ಟಿನ ತಲೆಗಿಂತ ತೂತು ದೊಡ್ಡದು. ತೂತಿನ ಅಂಚು ತುಕ್ಕು ಹಿಡಿದು ಹಳೇ ಬಿಸ್ಕತ್ತಿನ ಹಾಗೆ ಪುಡಿಪುಡಿ. ಬೋಲ್ಟ್ ಬಿಗಿ ಇದೆ ಅಂತ ಗ್ಯಾರೇಜಿನವರು ಸ್ಪ್ಯಾನರ್ ಹಾಕಿ ನೋಡಿ ಬಿಟ್ಟಿರಬೇಕು. ಹಾಗಾಗಿ ಹೇಳುತ್ತಿದ್ದೇನೆ, ಸ್ಪ್ಯಾನರ್ ಸಾಲದು, ತಗಡನ್ನೇ ಅಲ್ಲಾಡಿಸಬೇಕು. ಮುಂದಿನಿಂದ ಹಿಂದಿನವರೆಗೆ ಒಂದೊಂದು ಗೇಣಿಗೂ ಗುದ್ದುತ್ತಾ ಬನ್ನಿ.

ರಿಪೇರಿ ಸುಲಭ. ಮೊದಲು ಬೋಲ್ಟಿಗೆ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ತುಕ್ಕು ಹಿಡಿದ ಸಣ್ಣ ಬೋಲ್ಟಿಗೆ ಜೋರು ಮಾಡಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಹಾಗಾದರೆ ಕೆಲಸ ಜಾಸ್ತಿ. ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ. ಹೊರಗೆ ಬಂದ ಮೇಲೆ ತೂತನ್ನು ಪೂರ್ತಿ ಮುಚ್ಚುವಷ್ಟು ಅಗಲದ ಸ್ಟೀಲ್ ವಾಷರ್ ಹಾಕಿ ಅದೇ ಬೋಲ್ಟ್ ಬಿಗಿ ಮಾಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ "ಅಗಲದ ವಾಷರ್ ಕೊಡಿ" ಅಂದರೆ ಕೊಡುತ್ತಾರೆ. ಎಸ್.ಜೆ.ಪಿ. ರಸ್ತೆಯಲ್ಲಿ ಸಿಗದ ಅಳತೆ ಇಲ್ಲ. ತಗಡು ಪೈಪಿಗೇ ಸುತ್ತಿಕೊಂಡಿರುವ ಥರದ್ದಾದರೆ ವಾಷರ್ ಬದಲು ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಾಂಪ್ ಹಾಕಿ. ಒಂದು ಸಾಲದಿದ್ದರೆ ಎರಡನ್ನು ಒಂದಕ್ಕೊಂದು ಸೇರಿಸಿ ಸುತ್ತಬಹುದು. ಪ್ಲಾಸ್ಟಿಕ್ ಟ್ಯಾಗ್ ಕಟ್ಟಬೇಡಿ, ಮೊದಲ ದಿನವೇ ಕರಗುತ್ತದೆ.

"ಸುಮ್ನೆ ಕಿತ್ತು ಬಿಸಾಕಿ ಸಾರ್, ಏನೂ ಆಗಲ್ಲ" ಅಂತ ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಒಣ ಹುಲ್ಲು, ತರಗೆಲೆ ಮೇಲೆ ಕಾರು ನಿಲ್ಲಿಸಿದಾಗ ಬೆಂಕಿ ಹತ್ತದಂತೆ ತಡೆಯುವುದರಲ್ಲೂ ಈ ತಗಡಿನ ಪಾಲಿದೆ.

ಬೆಳಗ್ಗೆ ತಣ್ಣಗಿರುವಾಗ ಸದ್ದು ಬಂದು, ಐದು ಕಿ.ಮೀ. ಹೋದ ಮೇಲೆ ನಿಂತುಬಿಡುತ್ತದಾ? ಅದೂ ಇದೇ. ಕಾದ ತಗಡು ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಸದ್ದು ಮಾಯವಾಗುವುದಕ್ಕೆ ಇದೇ ಕಾರಣ. ರಾತ್ರಿ ಗಾಡಿಯನ್ನು ಅಲ್ಲೇ ಬಿಟ್ಟು, ಬೆಳಗ್ಗೆ ಮೆಕ್ಯಾನಿಕ್ ಎದುರಿಗೇ ಮೊದಲ ಸಲ ಸ್ಟಾರ್ಟ್ ಮಾಡಿಸಿ.

ಸೈಲೆನ್ಸರ್ ಮತ್ತು ಕನ್ವರ್ಟರ್

ಸೈಲೆನ್ಸರ್ ರಬ್ಬರ್ ಕೊಂಡಿಗಳ ಮೇಲೆ ನೇತಾಡುತ್ತಿರುತ್ತದೆ. ಪೈಪನ್ನು ಹಿಡಿದು ಎಡ, ಬಲ, ಮೇಲೆ, ಕೆಳಗೆ ಅಲ್ಲಾಡಿಸಿ. ಕಾರಿನ ಅಡಿಗೆ ತಾಗಿದರೆ ರಬ್ಬರ್ ಜೋತುಬಿದ್ದಿದೆ, ಇಲ್ಲ ಹರಿದಿದೆ. ತಾಗಿದ ಜಾಗದಲ್ಲಿ ಬಣ್ಣ ಹೋಗಿ ಹೊಳೆಯುವ ಗುರುತು ಇರುತ್ತದೆ. ಆ ಹೊಳಪನ್ನು ಹುಡುಕಿ, ಎರಡು ಲೋಹ ಉಜ್ಜಿದ ಕಡೆಯೆಲ್ಲಾ ಅದು ಸಿಗುತ್ತದೆ. ರಬ್ಬರ್‌ಗೆ ಹೆಚ್ಚು ಬೆಲೆಯಿಲ್ಲ. ಒಂದು ಹೋಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ.

ಸೈಲೆನ್ಸರ್ ಡಬ್ಬವನ್ನು, ಆಮೇಲೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ "ಡಬ್" ಅಂದರೆ ಸರಿ ಇದೆ. ತಗಡಿನ ಡಬ್ಬದಲ್ಲಿ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ ಕೇಳಿದರೆ ಒಳಗಿನದ್ದು ಮುರಿದಿದೆ. ಕನ್ವರ್ಟರ್ ಒಳಗೆ ಜೇನುಗೂಡಿನಂಥ ತೂತುಗಳಿರುವ ಪಿಂಗಾಣಿ ತುಂಡು ಇರುತ್ತದೆ. ಹಂಪಿಗೆ ಹೊಡೆದ ಪೆಟ್ಟಿಗೆ ಅದು ಒಡೆಯಬಹುದು. ಮುರಿದ ಚೂರು ದಾರಿಗೆ ಅಡ್ಡ ನಿಂತರೆ ಪಿಕಪ್ ಕಡಿಮೆಯಾಗುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಕಾರುಗಳಲ್ಲಿ ಅನೇಕಕ್ಕೆ ಕನ್ವರ್ಟರ್ ಎಂಜಿನ್‌ಗೆ ಅಂಟಿಕೊಂಡೇ ಇರುತ್ತದೆ, ಕೆಳಗಿಂದ ಕೈಗೆ ಸಿಗುವುದಿಲ್ಲ. ಇದು ದುಬಾರಿ ಭಾಗ. ಬದಲಾಯಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಹಳೆಯದಕ್ಕೂ ಬೆಲೆ ಇದೆ.

ನಾಲ್ಕನೇ ಹೆಜ್ಜೆ: ಲಿಂಕ್ ರಾಡ್, ಬುಷ್, ಬಾಲ್ ಜಾಯಿಂಟ್

ಗುಂಡಿ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಕಟಕಟ ಅನ್ನುವ ಸದ್ದಿಗೆ ಲಿಂಕ್ ರಾಡ್ ತುಂಬಾ ಸಾಮಾನ್ಯ ಕಾರಣ. ಗೇಣುದ್ದದ ಕಡ್ಡಿ, ಎರಡು ತುದಿಗೂ ಒಂದೊಂದು ಸಣ್ಣ ಬಾಲ್ ಜಾಯಿಂಟ್, ಅಂದರೆ ಗುಂಡಿನ ಮೇಲೆ ತಿರುಗುವ ಕೀಲು. ಮೇಲಿನ ರಬ್ಬರ್ ಟೊಪ್ಪಿ ಹರಿದರೆ ಗ್ರೀಸ್ ಹೊರಗೆ ಹೋಗಿ, ಮಣ್ಣು ನೀರು ಒಳಗೆ ಹೋಗುತ್ತದೆ.

ಕಾರು ಪಿಟ್ ಮೇಲೆ, ನಾಲ್ಕೂ ಚಕ್ರ ನೆಲದ ಮೇಲೆ ಇರುವಾಗಲೇ ಪರೀಕ್ಷಿಸಿ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಜಾಯಿಂಟನ್ನು ಎಳೆದು ಹಿಡಿಯುತ್ತದೆ, ಸವೆದದ್ದೂ ಗಟ್ಟಿಯಾಗಿಯೇ ಕಾಣುತ್ತದೆ. ಲಿಂಕ್ ರಾಡನ್ನು ಬೆರಳುಗಳಲ್ಲಿ ಹಿಡಿದುಕೊಂಡು, ಮೇಲಿರುವವರಿಗೆ ಕಾರಿನ ಛಾವಣಿ ಹಿಡಿದು ಪಕ್ಕಕ್ಕೆ ತೂಗಲು ಹೇಳಿ. ಜಾಯಿಂಟ್ ಸವೆದಿದ್ದರೆ ಬೆರಳಿಗೇ ಟಿಕ್ ಟಿಕ್ ಗೊತ್ತಾಗುತ್ತದೆ. ಕಿವಿಗಿಂತ ಬೆರಳು ಇಲ್ಲಿ ನಂಬಿಕಸ್ಥ. ಎರಡೂ ಬದಿ ಒಟ್ಟಿಗೆ ಬದಲಾಯಿಸಿ, ಸ್ಟೆಬಿಲೈಸರ್ ಬುಷ್ ಕೂಡ ಅದೇ ಸಲ ಹಾಕಿಸಿ.

ಲೋವರ್ ಆರ್ಮ್ ಬುಷ್‌ನ ರಬ್ಬರ್‌ನಲ್ಲಿ ಸೀಳು ಇದೆಯಾ ನೋಡಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದು ಲೀಕ್ ಆಗಿದೆ.

ಬಾಲ್ ಜಾಯಿಂಟ್, ಸ್ಟೀರಿಂಗ್ ಎರಡಕ್ಕೆ ಚಕ್ರ ಎತ್ತಬೇಕು. ಸ್ಟ್ಯಾಂಡ್ ಹಾಕಿ, ಹೊರಗೆ ಕೂತೇ ಮಾಡಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ ಅಲುಗಾಟ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಪ್ಲೇ ಹೋದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಪ್ಲೇ ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲುಗಳಾದ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಇವುಗಳಲ್ಲಿ ಯಾವುದೇ ಸಿಕ್ಕರೂ ಮನೆಯಲ್ಲಿ ಪ್ರಯೋಗ ಬೇಡ. ಬಾಲ್ ಜಾಯಿಂಟ್ ಬಿಟ್ಟುಕೊಂಡರೆ ಚಕ್ರ ಮಡಚಿಕೊಂಡು ಕಾರು ಕೂತುಬಿಡುತ್ತದೆ. ಗಾಡಿ ಓಡಿಸದೆ ಮೆಕ್ಯಾನಿಕ್‌ನ ಕರೆಸಿ.

ಉಳಿದದ್ದು

ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಹಂಪಿಗೆ ಉಜ್ಜಿ ಕ್ಲಿಪ್ ಕಳಚಿಕೊಂಡಿರುತ್ತದೆ. ವೇಗ ಹೆಚ್ಚಾದಾಗ ಗಾಳಿಗೆ ಪಟಪಟ ಅನ್ನುವುದು ಅದು. ಕ್ಲಿಪ್ ಹಾಕಿದರೆ ಮುಗಿಯಿತು. ಬ್ರೇಕ್ ಡಿಸ್ಕ್ ಹಿಂದಿನ ತಗಡಿನ ಸಂದಿಗೆ ಸಣ್ಣ ಕಲ್ಲು ಸಿಕ್ಕಿದರೆ ಕರ್ರೋ ಅಂತ ಎದೆ ನಡುಗಿಸುವ ಸದ್ದು ಬರುತ್ತದೆ. ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ಓಡಿಸಿದರೆ ಕೆಲವೊಮ್ಮೆ ಉದುರಿಹೋಗುತ್ತದೆ. ಬ್ರೇಕ್ ಪ್ಯಾಡ್ ಅನುಮಾನ ಇದ್ದರೆ ಪ್ಯಾಡಿನ ಸ್ಪ್ರಿಂಗ್ ಕ್ಲಿಪ್ ಇದೆಯೋ ಇಲ್ಲವೋ ಮೆಕ್ಯಾನಿಕ್‌ಗೆ ನೋಡಲು ಹೇಳಿ. ಪ್ಯಾಡ್ ಬದಲಾಯಿಸುವಾಗ ಅದನ್ನು ವಾಪಸ್ ಹಾಕದೆ ಬಿಟ್ಟಿರಬಹುದು. ಇನ್ನೋವಾದಂತೆ ಸ್ಟೆಪ್ನಿ ಕೆಳಗೆ ನೇತಾಡುವ ಗಾಡಿಯಾದರೆ ಸರಪಳಿ ಬಿಗಿ ಇದೆಯಾ ನೋಡಿ.

ಮೆಕ್ಯಾನಿಕ್ ಹತ್ತಿರ ಹೋದಾಗ

"ಏನೋ ಸದ್ದು ಬರ್ತಿದೆ, ನೋಡಿ" ಅಂತ ಕೀ ಕೊಟ್ಟು ಬರಬೇಡಿ. "ಬಲಗಡೆ ಮುಂದೆ, ಓರೆಯಾಗಿ ಹಂಪ್ ಹತ್ತಿದಾಗ, 15 ಕಿ.ಮೀ. ವೇಗದಲ್ಲಿ. ನಿಂತಾಗ ಬರಲ್ಲ, ಬ್ರೇಕ್ ಒತ್ತಿದ್ರೂ ನಿಲ್ಲಲ್ಲ" ಅಂತ ಹೇಳಿ, ರೆಕಾರ್ಡಿಂಗ್ ಕೇಳಿಸಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಬರುವ ರಸ್ತೆಗೇ ಒಂದು ಸುತ್ತು ಕರೆದುಕೊಂಡು ಹೋಗಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಖುಷಿಪಡುತ್ತಾರೆ, ಅವರ ಅರ್ಧ ದಿನ ಉಳಿಯುತ್ತದೆ. ಯಾವ ಭಾಗ ಬದಲಾಯಿಸಬೇಕು ಅಂದರೂ ಮೊದಲು ಅದರ ಪ್ಲೇಯನ್ನು ನಿಮ್ಮ ಕೈಯಲ್ಲೇ ಮುಟ್ಟಿ ನೋಡಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ನಾಲ್ಕು ಭಾಗ ಒಟ್ಟಿಗೆ ಹಾಕಿಸಿದರೆ ಸದ್ದು ನಿಂತರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಬಿಡಿಭಾಗ ನೀವೇ ತರುವುದಾದರೆ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗಿ. ಆರ್‌ಸಿ ನಕಲು ಜೊತೆಗಿರಲಿ. ಒಂದೇ ಮಾದರಿಯಲ್ಲೂ ವರ್ಷಕ್ಕೆ ತಕ್ಕಂತೆ ಲಿಂಕ್ ರಾಡಿನ ಉದ್ದ ಬೇರೆ ಇರಬಹುದು. ಬಿಚ್ಚಿದ ಹಳೇ ಭಾಗ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಡಿಯವರು ಪಕ್ಕಪಕ್ಕ ಇಟ್ಟು ಅಳತೆ ನೋಡಿ ಕೊಡುತ್ತಾರೆ.

ಕೆಲಸ ಮುಗಿದ ಮೇಲೆ ಅದೇ ರಸ್ತೆ, ಅದೇ ಹಂಪು, ಅದೇ ವೇಗ. ಹಿಂದಿನ ಸೀಟಿನಲ್ಲಿ ಮೊದಲ ದಿನ ಸದ್ದು ಕೇಳಿದವರೇ ಕೂರಲಿ. ಹೀಟ್ ಶೀಲ್ಡಿಗೆ ವಾಷರ್ ಹಾಕಿದ್ದರೆ ಒಂದು ವಾರ ಬಿಟ್ಟು, ಗಾಡಿ ತಣ್ಣಗಿರುವಾಗ ಕೆಳಗೆ ಇಳಿದು ಇನ್ನೊಮ್ಮೆ ಬೋಲ್ಟ್ ಬಿಗಿ ಮಾಡಿ, ತಗಡಿಗೆ ಮುಷ್ಟಿಯಲ್ಲಿ ಒಂದು ಗುದ್ದು ಕೊಟ್ಟು ಬನ್ನಿ.